ತಿರುಪತಿಗೆ ಹೋದವರು ಶ್ರೀಹರಿಕೋಟಕ್ಕೆ ಯಾಕೆ ಹೋಗಲಿಲ್ಲ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕಲ್ಲಿ ಯಾವ ಊರಿಗೆ ಬೇಕಾದ್ರೂ ಹೋಗಿ, ತಿರುಪತಿಗೆ ಹೋಗಿ ಬಂದವರು ಕೈ ಎತ್ತಿ ಅಂತ ಕೇಳಿ. ಅರ್ಧ ಊರು ಕೈ ಎತ್ತುತ್ತೆ. ಮುಡಿ ಕೊಟ್ಟವರಿದ್ದಾರೆ, ಹರಕೆ ತೀರಿಸಿದವರಿದ್ದಾರೆ, ವರ್ಷಕ್ಕೊಂದು ಸಲ ತಪ್ಪದೆ ಹೋಗುವವರಿದ್ದಾರೆ. ಈಗ ಎರಡನೇ ಪ್ರಶ್ನೆ ಕೇಳಿ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಮುಂದೆ ಹೋಗಿ ಶ್ರೀಹರಿಕೋಟ ನೋಡಿ ಬಂದವರು ಎಷ್ಟು ಜನ?

ಒಂದು ಕೈಯೂ ಮೇಲೇಳೋದಿಲ್ಲ.

ಇದು ಯಾರನ್ನೂ ಹಂಗಿಸೋಕೆ ಕೇಳ್ತಿರೋ ಪ್ರಶ್ನೆ ಅಲ್ಲ. ಅಲ್ಲಿಗೆ ಹೋಗಬಹುದು ಅನ್ನೋದೇ ನಮ್ಮ ಜನಕ್ಕೆ ಗೊತ್ತಿಲ್ಲ. ಚಂದ್ರಯಾನ-3 ಚಂದ್ರನ ಮೇಲೆ ಇಳಿದ 2023ರ ಆಗಸ್ಟ್ 23ರ ಸಂಜೆ ನೆನಪಿದೆಯಲ್ಲ? 6 ಗಂಟೆ 4 ನಿಮಿಷ. ಇಡೀ ದೇಶ ಟಿವಿ ಮುಂದೆ ಕೂತಿತ್ತು. ಆ ದಿನಗಳಲ್ಲಿ ನ್ಯಾಮತಿ ಕಡೆಯ ಸರ್ಕಾರಿ ಶಾಲೆ ಮೇಷ್ಟ್ರೊಬ್ಬರು ನನಗೆ ಫೋನ್ ಮಾಡಿದ್ರು. ಅವರು ಕೇಳಿದ್ದು ಒಂದೇ ಮಾತು: "ಸಾರ್, ರಾಕೆಟ್ ಹಾರೋ ಜಾಗಕ್ಕೆ ನಮ್ಮಂಥವರ ಮಕ್ಕಳನ್ನ ಬಿಡ್ತಾರಾ?"

ಗಮನಿಸಿ. ಎಷ್ಟು ದೂರ ಅಂತ ಕೇಳಲಿಲ್ಲ. ಎಷ್ಟು ಖರ್ಚು ಅಂತಲೂ ಕೇಳಲಿಲ್ಲ. ಬಿಡ್ತಾರಾ ಅಂತ ಕೇಳಿದ್ರು. ಅಮೆರಿಕದ ಹಳ್ಳಿ ಮೇಷ್ಟ್ರಿಗೆ ಈ ಅನುಮಾನ ಬರೋದಿಲ್ಲ. ನಮ್ಮ ಮೇಷ್ಟ್ರಿಗೆ ಯಾಕೆ ಬಂತು? ಇವತ್ತಿನ ವಿಷಯ ಅದೇ.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಒಂದು ಕರಾವಳಿ ಇದೆ. ಅಲ್ಲಿನ ಜನ ಅದನ್ನ ಕರೆಯೋದೇ ಸ್ಪೇಸ್ ಕೋಸ್ಟ್ ಅಂತ, ಅಂದ್ರೆ ಬಾಹ್ಯಾಕಾಶದ ಕರಾವಳಿ. ಕೆನಡಿ ಸ್ಪೇಸ್ ಸೆಂಟರ್ ಇರೋದು ಅಲ್ಲೇ. 1969ರ ಜುಲೈ 16ರಂದು ಅಪೊಲೊ 11 ಚಂದ್ರನತ್ತ ಹೊರಟಾಗ ಸುತ್ತಲಿನ ಸಮುದ್ರ ತೀರದಲ್ಲಿ, ರಸ್ತೆ ಬದಿಯಲ್ಲಿ, ಕಾರಿನ ಮೇಲೆ ನಿಂತು ನೋಡಿದವರು ಸುಮಾರು ಹತ್ತು ಲಕ್ಷ ಜನ. ಆವತ್ತಿನಿಂದ ಅಲ್ಲಿ ರಾಕೆಟ್ ಉಡಾವಣೆ ಅಂದ್ರೆ ಊರ ಜಾತ್ರೆ. ಹೋಟೆಲ್, ದೋಣಿ, ಅಂಗಡಿ ಎಲ್ಲಾ ಅದರ ಮೇಲೇ ನಡೆಯುತ್ತೆ. ನಿಜವಾದ ಅಟ್ಲಾಂಟಿಸ್ ಗಗನನೌಕೆಯನ್ನ ಪ್ರದರ್ಶನಕ್ಕಿಟ್ಟಿದ್ದಾರೆ. ಆ ಪ್ರದೇಶದ ಟೆಲಿಫೋನ್ ಕೋಡ್ ಕೂಡ ಏನು ಗೊತ್ತಾ? 321. ಮೂರು, ಎರಡು, ಒಂದು!

ಹಾಗಾದ್ರೆ ನಮ್ಮ ಬಾಹ್ಯಾಕಾಶದ ಕರಾವಳಿ ಎಲ್ಲಿದೆ? ಬಂಗಾಳ ಕೊಲ್ಲಿಯ ದಂಡೆಯಲ್ಲಿ, ಆಂಧ್ರದ ತಿರುಪತಿ ಜಿಲ್ಲೆಯಲ್ಲಿ. ಹೌದು, ಮೊದಲು ನೆಲ್ಲೂರು ಜಿಲ್ಲೆಗೆ ಸೇರಿದ್ದ ಶ್ರೀಹರಿಕೋಟ 2022ರಲ್ಲಿ ಜಿಲ್ಲೆಗಳ ಮರುವಿಂಗಡಣೆ ಆದ ಮೇಲೆ ತಿರುಪತಿ ಜಿಲ್ಲೆಗೇ ಬಂತು. ತಿಮ್ಮಪ್ಪನ ಬೆಟ್ಟವೂ ರಾಕೆಟ್ ಹಾರುವ ದ್ವೀಪವೂ ಈಗ ಒಂದೇ ಜಿಲ್ಲೆಯಲ್ಲಿವೆ.

ಈಗ ಸಹಜವಾಗಿ ಒಂದು ಪ್ರಶ್ನೆ ಬರುತ್ತೆ. ಇಸ್ರೋ ಕೇಂದ್ರ ಕಚೇರಿ ಇರೋದು ಬೆಂಗಳೂರಲ್ಲಿ. ಉಪಗ್ರಹ ಕಟ್ಟೋದೂ ಬೆಂಗಳೂರಲ್ಲಿ. ನಮಗೂ 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿ ಇದೆ. ಮಂಗಳೂರಿಂದಲೋ ಭಟ್ಕಳದಿಂದಲೋ ರಾಕೆಟ್ ಹಾರಿಸಬಹುದಿತ್ತಲ್ಲ? ಇದರಲ್ಲಿ ಆಂಧ್ರದ ರಾಜಕೀಯ ಇದೆಯಾ? ಇಲ್ಲ ಸ್ವಾಮಿ. ಇದರಲ್ಲಿರೋದು ಭೂಮಿಯ ರಾಜಕೀಯ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ನೀವು ಸುಮ್ಮನೆ ನಿಂತಿದ್ದೀರಿ ಅಂತ ಇಟ್ಕೊಳ್ಳಿ. ನೀವು ಅಲುಗಾಡ್ತಿಲ್ಲ. ಆದ್ರೆ ಭೂಮಿ ನಿಮ್ಮನ್ನ ಸೆಕೆಂಡಿಗೆ ಸುಮಾರು 450 ಮೀಟರ್, ಅಂದ್ರೆ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಹೊತ್ಕೊಂಡು ಹೋಗ್ತಿದೆ. ಗಾಳಿಯೂ ಜೊತೆಗೇ ಬರೋದ್ರಿಂದ ಗೊತ್ತಾಗೋದಿಲ್ಲ, ಅಷ್ಟೇ. ಒಂದು ಉಪಗ್ರಹ ಭೂಮಿಗೆ ಬೀಳದೆ ಹತ್ತಿರದ ಕಕ್ಷೆಯಲ್ಲಿ ಸುತ್ತಬೇಕು ಅಂದ್ರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಬೇಕು. ಪೂರ್ವ ದಿಕ್ಕಿಗೆ ಹಾರಿಸಿದ್ರೆ ಅದರಲ್ಲಿ 1,600 ಕಿಲೋಮೀಟರ್ ಭೂಮಿತಾಯಿ ಪುಕ್ಕಟೆ ಕೊಡ್ತಾಳೆ. ಓಡ್ತಿರೋ ಬಸ್ಸಿನಿಂದ ಬಸ್ಸು ಹೋಗೋ ಕಡೆಗೇ ಕಲ್ಲು ಎಸೆದ ಹಾಗೆ. ಪಶ್ಚಿಮಕ್ಕೆ ಹಾರಿಸಿದ್ರೆ ಅಷ್ಟನ್ನ ನಾವೇ ಕೈಯಿಂದ ಕಟ್ಟಬೇಕು. ರಾಕೆಟ್ ಲೆಕ್ಕದಲ್ಲಿ ಇಂಧನ ಅಂದ್ರೆ ತೂಕ, ತೂಕ ಅಂದ್ರೆ ದುಡ್ಡು.

ಸರಿ, ಭಟ್ಕಳದಿಂದಲೇ ಪೂರ್ವಕ್ಕೆ ಹಾರಿಸಿದ್ರೆ? ಭೂಪಟ ತೆಗೆದು ಭಟ್ಕಳದಿಂದ ನೇರ ಪೂರ್ವಕ್ಕೆ ಗೆರೆ ಎಳೆಯಿರಿ. ಅದು ಶಿವಮೊಗ್ಗ, ಚನ್ನಗಿರಿ ಸೀಮೆ ಮೇಲೇ ಹಾದು ಹೋಗುತ್ತೆ. ರಾಕೆಟ್ ಹಂತ ಹಂತವಾಗಿ ಉರಿಯುತ್ತೆ. ಒಂದು ಹಂತ ಉರಿದು ಮುಗಿದ ಮೇಲೆ ಹಲವಾರು ಟನ್ ತೂಕದ ಆ ಖಾಲಿ ಡಬ್ಬ ಕಳಚಿ ಕೆಳಗೆ ಬೀಳುತ್ತೆ. ಅದು ಬೀಳಬೇಕಾದ್ದು ಜನರಿಲ್ಲದ ಸಮುದ್ರಕ್ಕೇ ಹೊರತು ಯಾರದೋ ತೋಟಕ್ಕೋ ಮನೆಗೋ ಅಲ್ಲ. ಹಾಗಾಗಿ ಪೂರ್ವಕ್ಕೆ ಸಮುದ್ರ ಇರೋ ದಂಡೆಯೇ ಬೇಕು, ಸಮಭಾಜಕಕ್ಕೆ ಹತ್ತಿರವೂ ಇರಬೇಕು. ಎರಡೂ ಕೂಡಿ ಬಂದದ್ದು ಶ್ರೀಹರಿಕೋಟದಲ್ಲಿ. ಇನ್ನೊಂದು ಸ್ವಾರಸ್ಯ ನೋಡಿ. ಚನ್ನಗಿರಿ ಮತ್ತು ಶ್ರೀಹರಿಕೋಟ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅಲ್ಲಿನ ರಾಕೆಟ್ಟಿಗೆ ಭೂಮಿ ಎಷ್ಟು ದೂಡುತ್ತೋ ನಿಮ್ಮ ತೋಟದ ಅಡಿಕೆ ಮರಕ್ಕೂ ಅಷ್ಟೇ ದೂಡ್ತಿದೆ. ನಿಮ್ಮ ಪೂರ್ವಕ್ಕೆ ಸಮುದ್ರ ಇಲ್ಲ, ವ್ಯತ್ಯಾಸ ಅಷ್ಟೇ.

1969ರಲ್ಲಿ ಈ ದ್ವೀಪವನ್ನ ಆರಿಸಿದ್ರು. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪುಲಿಕಾಟ್ ಸರೋವರ. ಯಾನಾದಿ ಬುಡಕಟ್ಟಿನ ಜನ ಇದ್ದ ಕಾಡು ಅದು. 1971ರ ಅಕ್ಟೋಬರ್ 9ರಂದು ಅಲ್ಲಿಂದ ಮೊದಲ ಸಣ್ಣ ರಾಕೆಟ್ ರೋಹಿಣಿ-125 ಹಾರಿತು. 1979ರ ಆಗಸ್ಟ್ 10ರಂದು ಉಪಗ್ರಹ ಹೊತ್ತ ಮೊದಲ ಎಸ್‌ಎಲ್‌ವಿ-3 ಹೊರಟಿತು, ಕಕ್ಷೆ ಮುಟ್ಟಲಿಲ್ಲ, ಸಮುದ್ರಕ್ಕೆ ಬಿತ್ತು. ಒಂದು ವರ್ಷ ತುಂಬೋದಕ್ಕೆ ಮುಂಚೆ, 1980ರ ಜುಲೈ 18ರಂದು, ಮತ್ತೆ ಹಾರಿಸಿ ಗೆದ್ದರು. 2025ರ ಜನವರಿ 29ರಂದು ಆ ದ್ವೀಪದಿಂದ ನೂರನೇ ಉಡಾವಣೆ ಆಯ್ತು. ಕೇಂದ್ರಕ್ಕೆ 2002ರಲ್ಲಿ ಸತೀಶ್ ಧವನ್ ಅವರ ಹೆಸರಿಟ್ಟರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೀತೀವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ನಡೆಸಿದವರು ಅವರು.

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಬಿಡ್ತಾರಾ? ಬಿಡ್ತಾರೆ. 2019ರಿಂದ ಬಿಡ್ತಿದ್ದಾರೆ.

ಆ ವರ್ಷ ಮಾರ್ಚ್ ಕೊನೆಯಲ್ಲಿ ಶ್ರೀಹರಿಕೋಟದಲ್ಲಿ ಸಾರ್ವಜನಿಕರಿಗಾಗಿ ಉಡಾವಣಾ ವೀಕ್ಷಣಾ ಗ್ಯಾಲರಿ ಶುರುವಾಯ್ತು. ಕ್ರಿಕೆಟ್ ಮೈದಾನದ ಮೆಟ್ಟಿಲಿನ ಹಾಗೆ ಕೂತು ನೋಡೋ ಜಾಗ. ಸುಮಾರು ಐದು ಸಾವಿರ ಜನ ಕೂರಬಹುದು. ಮರುದಿನವೇ, ಏಪ್ರಿಲ್ 1ರಂದು, ಪಿಎಸ್‌ಎಲ್‌ವಿ-ಸಿ45 ಹಾರಿದ್ದನ್ನ ಜನ ಅಲ್ಲಿ ಕೂತು ನೋಡಿದ್ರು. ಪಕ್ಕದಲ್ಲೇ ಬಾಹ್ಯಾಕಾಶ ಸಂಗ್ರಹಾಲಯ ಇದೆ, ರಾಕೆಟ್‌ಗಳನ್ನ ನಿಲ್ಲಿಸಿದ ತೋಟ ಇದೆ. ಉಡಾವಣೆ ನೋಡೋಕೆ ಟಿಕೆಟ್ ಇಲ್ಲ. ಮೊದಲೇ ಹೆಸರು ನೋಂದಾಯಿಸಬೇಕು, ಅಷ್ಟೇ. ಉಡಾವಣೆಗೆ ಕೆಲವು ದಿನ ಇರುವಾಗ ಇಸ್ರೋ ವೆಬ್‌ಸೈಟಿನಲ್ಲಿ ನೋಂದಣಿ ತೆರೀತಾರೆ. ಹೆಸರು ಕೊಟ್ಟ ಮೇಲೆ ಆ ಪತ್ರ ಮತ್ತೆ ಗುರುತಿನ ಚೀಟಿ ಇಟ್ಕೊಂಡು ಹೋಗಬೇಕು. ಆದ್ರೆ ದೊಡ್ಡ ಉಡಾವಣೆ ಇದ್ರೆ ಜಾಗ ಬಹಳ ಬೇಗ ಭರ್ತಿ ಆಗುತ್ತೆ. ಬೆಂಗಳೂರು, ಚೆನ್ನೈ ಹುಡುಗರು ಮೊಬೈಲ್ ಹಿಡ್ಕೊಂಡೇ ಕೂತಿರ್ತಾರೆ. ನಮ್ಮ ಹಳ್ಳಿ ಮೇಷ್ಟ್ರಿಗೆ ಸುದ್ದಿ ಗೊತ್ತಾಗೋ ಹೊತ್ತಿಗೆ ಬಾಗಿಲು ಹಾಕಿರುತ್ತೆ. ಇಲ್ಲಿ ಕಾವಲುಗಾರ ಯಾರನ್ನೂ ತಡೀತಿಲ್ಲ, ತಡೀತಿರೋದು ಮಾಹಿತಿ. ಗೊತ್ತಿದ್ದವರು ಒಳಗೆ, ಗೊತ್ತಿಲ್ಲದವರು ಹೊರಗೆ.

ಹೋಗೋದು ಹೇಗೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರಿಗೆ ರೈಲಿಲ್ಲ. ದಾವಣಗೆರೆಗೋ ಶಿವಮೊಗ್ಗಕ್ಕೋ ಬಂದು ರೈಲು ಹಿಡೀಬೇಕು. ಬೆಂಗಳೂರು, ಅಲ್ಲಿಂದ ಚೆನ್ನೈ, ಚೆನ್ನೈನಿಂದ ಲೋಕಲ್ ರೈಲಲ್ಲಿ ಸೂಳ್ಳೂರುಪೇಟೆ. ದ್ವೀಪಕ್ಕೆ ಹತ್ತಿರದ ಊರು ಅದೇ. ಅಲ್ಲಿಂದ ಪುಲಿಕಾಟ್ ಸರೋವರದ ನಡುವೆ ಹಾಕಿರೋ ರಸ್ತೆಯಲ್ಲಿ ಹೋಗಬೇಕು. ಚಳಿಗಾಲ ಆದ್ರೆ ಎರಡೂ ಕಡೆ ನೀರಲ್ಲಿ ರಾಜಹಂಸಗಳು ಸಾಲುಗಟ್ಟಿ ನಿಂತಿರ್ತವೆ. ಆ ಹಕ್ಕಿಗಳ ಹೆಸರಲ್ಲೇ ಸೂಳ್ಳೂರುಪೇಟೆಯಲ್ಲಿ ಹಬ್ಬ ನಡೆಸ್ತಾರೆ. ಇನ್ನು ತಿರುಪತಿಗೇ ಬಸ್ ಮಾಡ್ಕೊಂಡು ಹೋದವರಿಗೆ ಇಷ್ಟೆಲ್ಲ ಸುತ್ತು ಬೇಡ. ದರ್ಶನ ಮುಗಿಸಿ ಎರಡು ಮೂರು ಗಂಟೆ ಪ್ರಯಾಣ. ಸೂಳ್ಳೂರುಪೇಟೆಯಲ್ಲಿ ಚೆಂಗಾಲಮ್ಮ ಅನ್ನೋ ಗ್ರಾಮದೇವತೆ ಇದ್ದಾಳೆ. ಉಡಾವಣೆಗೆ ಮೊದಲು ಇಸ್ರೋದ ದೊಡ್ಡವರೇ ಆ ಅಮ್ಮನಿಗೆ ಕೈ ಮುಗಿದು ಹೋಗೋದನ್ನ ನೀವು ನ್ಯೂಸಲ್ಲಿ ನೋಡಿದ್ದೀರಿ. ಹಾಗಾಗಿ ಮನೆಯಲ್ಲಿ ಅಜ್ಜಿ ತಕರಾರು ಮಾಡೋ ಹಾಗೂ ಇಲ್ಲ.

ಅಲ್ಲಿ ಏನು ಕಾಣುತ್ತೆ? ಟಿವಿಯಲ್ಲಿ ಕಾಣದ್ದು ಎರಡು ಕಾಣುತ್ತೆ. ಒಂದು ಬೆಳಕು. ಎಲ್‌ವಿಎಂ-3 ರಾಕೆಟ್ ಸುಮಾರು 43 ಮೀಟರ್ ಎತ್ತರ, 640 ಟನ್ ತೂಕ. ಅಷ್ಟು ತೂಕವನ್ನ ನೆಲದಿಂದ ಎತ್ತೋ ಬೆಂಕಿಯನ್ನ ನಮ್ಮ ಕ್ಯಾಮೆರಾ ಹಿಡಿಯೋದಿಲ್ಲ, ಬಣ್ಣ ಎಲ್ಲಾ ಬೆಳ್ಳಗಾಗಿ ಹೋಗುತ್ತೆ. ಎರಡನೆಯದು ಶಬ್ದ. ಬೆಂಕಿ ಕಂಡ ತಕ್ಷಣ ಶಬ್ದ ಕೇಳೋದಿಲ್ಲ. ರಾಕೆಟ್ ಸದ್ದಿಲ್ಲದೆ ಮೇಲೇಳುತ್ತೆ. ಮಿಂಚು ಕಂಡ ಮೇಲೆ ಗುಡುಗು ಕೇಳೋ ಹಾಗೆ, ಒಂದೊಂದು ಕಿಲೋಮೀಟರಿಗೆ ಮೂರು ಸೆಕೆಂಡ್ ತಡವಾಗಿ ಆ ಸದ್ದು ಬರುತ್ತೆ. ಬಂದಾಗ ಕಿವಿಗಿಂತ ಮೊದಲು ಎದೆಗೆ ತಾಗುತ್ತೆ. ಶಬ್ದದ ವೇಗ ಅಂತ ಏಳನೇ ಕ್ಲಾಸಿನ ಮಗುವಿಗೆ ನೀವು ಬೋರ್ಡ್ ಮೇಲೆ ಎಷ್ಟು ಸಲ ಬರೆದು ತೋರಿಸಿದ್ರೂ ಆಗದ ಪಾಠ ಆ ಕೆಲವು ಸೆಕೆಂಡಲ್ಲಿ ಆಗಿಬಿಡುತ್ತೆ. ಚಂದ್ರಯಾನ-3 ನೆಲ ಬಿಟ್ಟು 16 ನಿಮಿಷಕ್ಕೆಲ್ಲ ಕಕ್ಷೆ ಸೇರಿತ್ತು. ಕಣ್ಣಿಗೆ ಕಾಣೋದು ಅದರಲ್ಲಿ ಕೆಲವೇ ನಿಮಿಷ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ. 2019ರ ಜುಲೈ 15ರ ನಸುಕಿನಲ್ಲಿ ಚಂದ್ರಯಾನ-2 ಹಾರಬೇಕಿತ್ತು. ಸಾವಿರಾರು ಜನ ನಿದ್ದೆಗೆಟ್ಟು ಕೂತಿದ್ರು. ಇನ್ನು 56 ನಿಮಿಷ 24 ಸೆಕೆಂಡ್ ಇದೆ ಅನ್ನುವಾಗ ಗಡಿಯಾರ ನಿಂತು ಹೋಯ್ತು. ತಾಂತ್ರಿಕ ತೊಂದರೆ, ಉಡಾವಣೆ ಇಲ್ಲ ಅಂದ್ರು. ಆ ರಾಕೆಟ್ ಹಾರಿದ್ದು ಒಂದು ವಾರದ ಮೇಲೆ, ಜುಲೈ 22ಕ್ಕೆ. ಮಳೆ, ಗಾಳಿ, ಒಂದು ಸಣ್ಣ ಸೋರಿಕೆ, ಯಾವುದಕ್ಕೆ ಬೇಕಾದ್ರೂ ದಿನಾಂಕ ಮುಂದೆ ಹೋಗುತ್ತೆ. ಹಾಗಾಗಿ ರಾಕೆಟ್ ಒಂದನ್ನೇ ನಂಬಿ ಐವತ್ತು ಮಕ್ಕಳನ್ನ ಕರ್ಕೊಂಡು ಹೋಗಬೇಡಿ. ಜೊತೆಗೆ ನೋಡೋ ಬೇರೆ ಜಾಗ ಇಟ್ಕೊಂಡೇ ಹೊರಡಿ. ಆದ್ರೆ ವಾಪಸ್ ಬಂದ ಮಗು ಖಾಲಿ ಕೈಯಲ್ಲಿ ಬಂತು ಅಂತಲೂ ಅಂದ್ಕೋಬೇಡಿ. ಅಷ್ಟು ಜನ ದೊಡ್ಡವರು, ಇಡೀ ದೇಶ ನೋಡ್ತಿರುವಾಗ, ನಾಚಿಕೊಳ್ಳದೆ "ಇವತ್ತು ಬೇಡ, ಸರಿ ಮಾಡಿ ಹಾರಿಸ್ತೀವಿ" ಅಂತ ಹೇಳಿದ್ದನ್ನ ಮಗು ನೋಡುತ್ತಲ್ಲ, ಅದೂ ವಿಜ್ಞಾನದ ಪಾಠವೇ.

ಶ್ರೀಹರಿಕೋಟ ಒಂದೇ ಅಲ್ಲ. ನಮ್ಮ ಶಾಲೆಗಳ ಪ್ರವಾಸ ಹೋಗೋ ದಾರಿಯಲ್ಲೇ ಇಂಥ ಜಾಗಗಳಿವೆ. ಕನ್ಯಾಕುಮಾರಿಗೆ ಹೋಗ್ತೀರಲ್ಲ, ದಾರಿಯಲ್ಲಿ ತಿರುವನಂತಪುರ ಸಿಗುತ್ತೆ. ಅನಂತಪದ್ಮನಾಭನ ದರ್ಶನ ಮಾಡ್ತೀರಿ. ಅಲ್ಲೇ ಸಮುದ್ರದ ದಂಡೆಗೆ ತುಂಬಾ ಅನ್ನೋ ಮೀನುಗಾರರ ಹಳ್ಳಿ ಇದೆ. ಭಾರತದ ಬಾಹ್ಯಾಕಾಶ ಕಥೆ ಶುರುವಾದದ್ದು ಆ ಹಳ್ಳಿಯ ಮೇರಿ ಮ್ಯಾಗ್ಡಲೀನ್ ಚರ್ಚಿನಲ್ಲಿ. ಭೂಮಿಯ ಅಯಸ್ಕಾಂತೀಯ ಸಮಭಾಜಕ ಆ ಊರಿನ ಹತ್ತಿರ ಹಾದು ಹೋಗುತ್ತೆ. ಮೇಲಿನ ವಾತಾವರಣದಲ್ಲಿ ಹರಿಯೋ ವಿದ್ಯುತ್ ಪ್ರವಾಹವನ್ನ ಅಳೆಯೋಕೆ ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ. ವಿಕ್ರಮ್ ಸಾರಾಭಾಯಿ ಹೋಗಿ ಬಿಷಪ್ಪರನ್ನ ಕೇಳಿದ್ರು. ಊರಿನ ಜನ ಚರ್ಚನ್ನೂ ಮನೆ ಜಾಗವನ್ನೂ ಬಿಟ್ಟುಕೊಟ್ಟರು. ಚರ್ಚೇ ಪ್ರಯೋಗಶಾಲೆ ಆಯ್ತು. 1963ರ ನವೆಂಬರ್ 21ರಂದು ಅಮೆರಿಕ ಕೊಟ್ಟ ನೈಕ್-ಅಪಾಚೆ ರಾಕೆಟ್ ಅಲ್ಲಿಂದ ಹಾರಿತು. ಅದು ಪಶ್ಚಿಮ ಕರಾವಳಿ ಅಲ್ವಾ, ಅಲ್ಲಿಂದ ಹೇಗೆ ಹಾರಿಸಿದ್ರು ಅಂತ ಕೇಳಬಹುದು. ಅದು ಉಪಗ್ರಹ ಬಿಡೋ ರಾಕೆಟ್ ಅಲ್ಲ. ಮೇಲೆ ಹೋಗಿ ಅಳೆದು ಸಮುದ್ರಕ್ಕೆ ಬೀಳೋ ಸಣ್ಣ ರಾಕೆಟ್. ಅದಕ್ಕೆ ಭೂಮಿಯ ತಳ್ಳು ಬೇಕಿಲ್ಲ. ಆ ಚರ್ಚ್ ಈಗ ಬಾಹ್ಯಾಕಾಶ ಸಂಗ್ರಹಾಲಯ. ಹೋಗಿ ನೋಡಬಹುದು.

ತಮಿಳುನಾಡಿನ ತಿರುಚೆಂದೂರು ಮುರುಗನ ಹತ್ತಿರ ಕುಲಶೇಖರಪಟ್ಟಣಂ ಅನ್ನೋ ಊರಲ್ಲಿ ಎರಡನೇ ಉಡಾವಣಾ ಕೇಂದ್ರ ಕಟ್ತಿದ್ದಾರೆ. 2024ರ ಫೆಬ್ರವರಿ 28ಕ್ಕೆ ಶಂಕುಸ್ಥಾಪನೆ ಆಯ್ತು. ಯಾಕೆ ಇನ್ನೊಂದು? ಭೂಮಿಯ ಧ್ರುವಗಳ ಮೇಲೆ ಸುತ್ತೋ ಉಪಗ್ರಹವನ್ನ ದಕ್ಷಿಣಕ್ಕೆ ಹಾರಿಸಬೇಕು. ಶ್ರೀಹರಿಕೋಟದಿಂದ ದಕ್ಷಿಣಕ್ಕೆ ಹೋದ್ರೆ ಶ್ರೀಲಂಕಾ ಅಡ್ಡ ಬರುತ್ತೆ. ಸುತ್ತು ಹಾಕಿ ಹೋಗಬೇಕು, ಇಂಧನ ಖರ್ಚಾಗುತ್ತೆ. ದೊಡ್ಡ ರಾಕೆಟ್ ತಡ್ಕೊಳ್ಳುತ್ತೆ, ಎಸ್‌ಎಸ್‌ಎಲ್‌ವಿಯಂಥ ಪುಟ್ಟ ರಾಕೆಟ್ಟಿಗೆ ಅದು ಹೊರೆ. ಕುಲಶೇಖರಪಟ್ಟಣದಿಂದ ದಕ್ಷಿಣಕ್ಕೆ ನೇರ ಸಮುದ್ರ.

ಇನ್ನು ನಮ್ಮದೇ ಕರಾವಳಿ. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು ಸುತ್ತೋ ಬಸ್ಸು ಹೊನ್ನಾಳಿಯಿಂದಲೂ ಹೊರಡುತ್ತೆ, ಚನ್ನಗಿರಿಯಿಂದಲೂ ಹೊರಡುತ್ತೆ. ಅದೇ ಬಸ್ಸು ಮಂಗಳೂರಿನ ಪಿಲಿಕುಳದಲ್ಲಿ ಅರ್ಧ ದಿನ ನಿಂತ್ರೆ ಸಾಕು. 2018ರ ಮಾರ್ಚ್ 1ರಂದು ಅಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಉದ್ಘಾಟನೆ ಆಯ್ತು. ದೇಶದ ಮೊದಲ ತ್ರೀಡಿ ತಾರಾಲಯ ಅದು. 18 ಮೀಟರ್ ಅಗಲದ ಗುಮ್ಮಟದ ಕೆಳಗೆ ಕೂತ್ರೆ ಗ್ರಹಗಳು ಕೈಗೆ ಸಿಗೋ ಹಾಗೆ ಹತ್ತಿರ ಬರ್ತವೆ. ಪಕ್ಕದಲ್ಲೇ ವಿಜ್ಞಾನ ಕೇಂದ್ರ, ಪ್ರಾಣಿ ಸಂಗ್ರಹಾಲಯ. ಉಡಾವಣೆ ಮುಂದೆ ಹೋಗುತ್ತೆ ಅನ್ನೋ ಭಯವೂ ಇಲ್ಲ.

ಉಡುಪಿ ಕಡೆ ಹೋದಾಗ ಮಕ್ಕಳಿಗೆ ಅದಮಾರು ಅನ್ನೋ ಹೆಸರನ್ನೂ ಹೇಳಿ. ಅಷ್ಟಮಠದ ಒಂದು ಮಠದ ಹೆಸರು ಅಂತ ಎಲ್ಲರಿಗೂ ಗೊತ್ತು. 1932ರಲ್ಲಿ ಉಡುಪಿ ರಾಮಚಂದ್ರ ರಾವ್ ಹುಟ್ಟಿದ ಹಳ್ಳಿಯೂ ಅದೇ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನ ಕಟ್ಟಿಸಿದ ಯು.ಆರ್. ರಾವ್. ಎಲ್ಲಿ ಕಟ್ಟಿದ್ರು? ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನ ಮೇಲೆ ಒಯ್ದಿತು. ಕೆಲವು ವರ್ಷದ ನಂತರ ಆಪಲ್ ಅನ್ನೋ ಉಪಗ್ರಹವನ್ನ ಎತ್ತಿನ ಗಾಡಿ ಮೇಲೆ ಇಟ್ಟ ಫೋಟೋ ನೀವು ನೋಡಿರ್ತೀರಿ. ಅಯ್ಯೋ ಲಾರಿಗೂ ಗತಿ ಇರಲಿಲ್ವಾ ಅಂತ ಜನ ಕನಿಕರ ಪಡ್ತಾರೆ. ನಿಜ ಬೇರೆ. ಉಪಗ್ರಹದ ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಕಬ್ಬಿಣ ಇರಬಾರದು, ಲೋಹ ಇದ್ರೆ ಅಲೆಗಳು ಕದಡ್ತವೆ. ಮರದ ಗಾಡಿ ಅದಕ್ಕೆ ಸರಿಯಾದ ಪರಿಹಾರ. ಎತ್ತಿನ ಗಾಡಿ ಗೊತ್ತಿದ್ದವರ ತಲೆಗೇ ಆ ಉಪಾಯ ಹೊಳೆಯೋದು. ನಮ್ಮ ಜಗಳೂರಿನ ಮಕ್ಕಳಿಗೆ ಎತ್ತಿನ ಗಾಡಿ ಚೆನ್ನಾಗಿ ಗೊತ್ತು.

ಜಗಳೂರು ಅಂದೆ. ಅಲ್ಲಿಗೆ ಬರೋಣ. ಇದೇ ಈ ಮಾತಿನ ಮುಖ್ಯ ಭಾಗ.

ಜಗಳೂರಿನವರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗ್ತಾರೆ. ಆ ನಾಯಕನಹಟ್ಟಿ ಸೀಮೆಯಲ್ಲಿ, ಚಳ್ಳಕೆರೆ ತಾಲ್ಲೂಕಲ್ಲಿ, ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ, ಇಸ್ರೋಗೆ ಕೊಟ್ಟಿದ್ದಾರೆ. ಕುರಿ, ದನ ಮೇಯಿಸ್ತಿದ್ದವರು ವಿರೋಧ ಮಾಡಿದ್ರು, ಹಸಿರು ನ್ಯಾಯಪೀಠದ ತನಕ ಹೋದರು. ಅದೊಂದು ದೊಡ್ಡ ಕಥೆ. ಆ ನೆಲದಲ್ಲಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ಕೇಂದ್ರ ಇದೆ, ರನ್‌ವೇ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಅಲ್ಲಿ ಏನಾಯ್ತು ಗೊತ್ತಾ? ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್, ರೆಕ್ಕೆ ಇರುವ ಒಂದು ಪುಟ್ಟ ಗಗನನೌಕೆಯನ್ನ ನೇತುಹಾಕ್ಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋಯ್ತು. ಅಲ್ಲಿಂದ ಬಿಟ್ಟುಬಿಡ್ತು. ಒಳಗೆ ಪೈಲಟ್ ಇಲ್ಲ. ಅದು ತಾನೇ ದಾರಿ ಲೆಕ್ಕ ಹಾಕ್ಕೊಂಡು ಬಂದು ರನ್‌ವೇ ಮೇಲೆ ಇಳೀತು. ಒಮ್ಮೆ ಬಳಸಿದ್ದನ್ನ ಮತ್ತೆ ಬಳಸೋ ಉಡಾವಣಾ ವಾಹನದ ಪ್ರಯೋಗ. 2024ರ ಮಾರ್ಚ್ 22ಕ್ಕೆ ಮತ್ತೊಂದು, ಜೂನ್ 23ಕ್ಕೆ ಮೂರನೆಯದು. ಪುಷ್ಪಕ ಅಂತ ಹೆಸರು. ಮೂರನೇ ಸಲ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಬಾಲದ ಪ್ಯಾರಾಚೂಟ್ ಬಿಚ್ಚಿ ನಿಂತಿತು. ಪ್ರಯಾಣಿಕರ ವಿಮಾನ ಇಳಿಯೋದು ಸುಮಾರು 260ರಲ್ಲಿ.

ಜಗಳೂರಿನ ಮಗು ಇದನ್ನ ಎಲ್ಲಿ ನೋಡಿತು? ಟಿವಿಯಲ್ಲಿ. ಪಕ್ಕದ ಸೀಮೆಯಲ್ಲಿ ಆದ ಕೆಲಸವನ್ನ ದೆಹಲಿ ಮಗು ಹೇಗೆ ನೋಡಿತೋ ಹಾಗೇ ನೋಡಿತು.

ನನಗೆ ಅರ್ಥ ಆಗುತ್ತೆ, ಅದು ರಕ್ಷಣಾ ಜಾಗ. ಎಲ್ಲರನ್ನೂ ಎಲ್ಲಾ ದಿನ ಬಿಡೋಕಾಗೋದಿಲ್ಲ. ಆದ್ರೆ ಶ್ರೀಹರಿಕೋಟವೂ ಬಿಗಿ ಕಾವಲಿನ ಜಾಗವೇ ಅಲ್ವಾ? ಅಲ್ಲಿ ಐದು ಸಾವಿರ ಜನಕ್ಕೆ ಮೆಟ್ಟಿಲು ಕಟ್ಟಿಸಿದ್ದಾರೆ. ತುಂಬಾದ ಜನ ನೆಲ ಬಿಟ್ಟುಕೊಟ್ಟರು, ಅವರ ಚರ್ಚ್ ಇವತ್ತು ಎಲ್ಲರೂ ನೋಡೋ ಸಂಗ್ರಹಾಲಯ. ಹುಲ್ಲುಗಾವಲು ಬಿಟ್ಟುಕೊಟ್ಟ ಸೀಮೆಗೆ ವರ್ಷಕ್ಕೊಂದು ದಿನ, ಒಂದೇ ದಿನ, ಒಂದು ಪ್ರದರ್ಶನ ಮಂದಿರದ ಬಾಗಿಲನ್ನಾದ್ರೂ ತೆರೆಯಿರಿ ಅಂತ ಕೇಳೋದು ಅತಿಯಾಸೆ ಅಲ್ಲ. ಆಗಸ್ಟ್ 23ನ್ನ ರಾಷ್ಟ್ರೀಯ ಬಾಹ್ಯಾಕಾಶ ದಿನ ಅಂತ ಸರ್ಕಾರವೇ ಘೋಷಿಸಿದೆ, 2024ರಿಂದ ಆಚರಣೆ ಆಗ್ತಿದೆ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ ಇದೆ. ದಿನ ಹುಡುಕೋ ಕಷ್ಟವೂ ಇಲ್ಲ. ಇದನ್ನ ಕೇಳಬೇಕಾದವರು ನಮ್ಮ ಶಾಸಕರು, ಸಂಸದರು. ಅವರನ್ನ ಕೇಳಬೇಕಾದವರು ನೀವು.

ಅಲ್ಲಿಯವರೆಗೆ ಕಾಯ್ತಾ ಕೂರಬೇಕಾಗಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಸ್ರೋ 2019ರಿಂದ ಯುವಿಕಾ ಅನ್ನೋ ಶಿಬಿರ ನಡೆಸ್ತಿದೆ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ, ಇಸ್ರೋ ಕೇಂದ್ರದಲ್ಲೇ ವಾಸ, ವಿಜ್ಞಾನಿಗಳ ಜೊತೆ ಪಾಠ. ಪ್ರಯಾಣ, ಊಟ, ವಸತಿ ಎಲ್ಲಾ ಅವರದ್ದೇ ಖರ್ಚು. ಆಯ್ಕೆಯಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಗುವಿಗೆ ಹೆಚ್ಚುವರಿ ಅಂಕ ಇದೆ. ಹಳ್ಳಿ ಶಾಲೆಯಲ್ಲಿ ಓದೋದು ಇಲ್ಲಿ ಲಾಭ! ಆದ್ರೆ ಅರ್ಜಿ ಹಾಕಿದ್ರೆ ಮಾತ್ರ. ಎಂಟನೇ ಕ್ಲಾಸಿನ ಅಂಕ, ವಿಜ್ಞಾನ ಸ್ಪರ್ಧೆ, ಆಟ, ಸ್ಕೌಟ್ಸ್ ಎಲ್ಲದಕ್ಕೂ ಅಂಕ ಇರೋದ್ರಿಂದ ಎಂಟನೇ ಕ್ಲಾಸಿನಿಂದಲೇ ತಯಾರಿ ಬೇಕು.

ದುಡ್ಡೇ ಬೇಡದ ಒಂದು ನೋಟವೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನ ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತೆ. ಸಂಜೆ ಕತ್ತಲಾದ ಸ್ವಲ್ಪ ಹೊತ್ತಿಗೋ ಬೆಳಕು ಹರಿಯೋ ಮುಂಚೆಯೋ ನಮ್ಮ ಮೇಲೆ ಹಾದು ಹೋದ್ರೆ ಬರಿಗಣ್ಣಿಗೆ ಕಾಣುತ್ತೆ. ನಮಗೆ ಕತ್ತಲಾದ್ರೂ ಅಷ್ಟು ಎತ್ತರದಲ್ಲಿ ಅದಕ್ಕೆ ಇನ್ನೂ ಬಿಸಿಲು ಬೀಳ್ತಿರುತ್ತೆ. ಹಾಗಾಗಿ ಹೊಳೆಯುತ್ತೆ. ಮಿಣುಕೋದಿಲ್ಲ, ಸದ್ದಿಲ್ಲ, ದೊಡ್ಡ ನಕ್ಷತ್ರವೊಂದು ನಡೆದು ಹೋದ ಹಾಗೆ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟುತ್ತೆ. ನಿಮ್ಮ ಊರಿಗೆ ಯಾವತ್ತು, ಎಷ್ಟು ಗಂಟೆಗೆ ಕಾಣುತ್ತೆ ಅಂತ ನಾಸಾ ಮೊದಲೇ ತಿಳಿಸುತ್ತೆ, ಮೊಬೈಲಲ್ಲಿ ಸಿಗುತ್ತೆ. ಬೆಂಗಳೂರಿನ ದೀಪದ ಬೆಳಕಲ್ಲಿ ನಮಗೆ ನಕ್ಷತ್ರ ಕಾಣೋದಿಲ್ಲ. ರಂಗಯ್ಯನದುರ್ಗದ ಕಾಡಂಚಿನಲ್ಲಿ, ಸೂಳೆಕೆರೆ ಏರಿ ಮೇಲೆ, ನ್ಯಾಮತಿಯ ತೀರ್ಥರಾಮೇಶ್ವರದ ಬೆಟ್ಟದಲ್ಲಿ ಕಾಣುತ್ತೆ. ಕತ್ತಲೆ ಆಕಾಶ ನಿಮ್ಮ ಆಸ್ತಿ.

2025ರ ಜೂನ್ 25ರಂದು ಫ್ಲೋರಿಡಾದ ಅದೇ ಕರಾವಳಿಯಿಂದ ನಮ್ಮ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೋದ್ರು. ಅವರ ಜೊತೆ ಹೋದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಹೆಸರುಕಾಳು ಮತ್ತು ಮೆಂತ್ಯ. ತೂಕವಿಲ್ಲದ ಜಾಗದಲ್ಲಿ ಮೊಳಕೆ ಹೇಗೆ ಒಡೆಯುತ್ತೆ ಅಂತ ನೋಡೋಕೆ. ಜಗಳೂರಿನ ಹೊಲದಲ್ಲೂ ಬೆಳೆಯೋ ಹೆಸರುಕಾಳು ಬಾಹ್ಯಾಕಾಶಕ್ಕೆ ಹೋಗಿ ಬಂತು. ಕಾಳನ್ನ ಬಿಟ್ಟವರು ಮಕ್ಕಳನ್ನ ಬಿಡೋದಿಲ್ವಾ?

ಈ ಸಲ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಪ್ರವಾಸದ ಮಾತು ಬಂದಾಗ ಒಬ್ಬರು ಎದ್ದು ನಿಂತು ಪಿಲಿಕುಳ ಅನ್ನಿ. ಇನ್ನೊಬ್ಬರು ಶ್ರೀಹರಿಕೋಟ ಅನ್ನಿ. ತಿರುಪತಿ ಬೇಡ ಅಂತ ನಾನು ಖಂಡಿತ ಹೇಳ್ತಿಲ್ಲ. ತಿಮ್ಮಪ್ಪನ ದರ್ಶನ ಮಾಡಿ, ಲಾಡು ತಗೊಳ್ಳಿ. ಡ್ರೈವರಿಗೆ ಮಾತ್ರ ಹೇಳಿ, ಬಸ್ಸನ್ನ ಇನ್ನೊಂದು ನೂರು ಕಿಲೋಮೀಟರ್ ಮುಂದೆ ಓಡಿಸಪ್ಪ ಅಂತ.